ಹತ್ತು ಪದಗಳ ಸಿನಿಮಾ

ಮೊದಲಿಗೆ ತಮಗೊಂದು ಒಗಟು. "ಕೇಳಲು ಬಂದದ್ದು ಪಾರಿವಾಳವನ್ನು, ಊಟಕ್ಕಾಗಿ ಮಾರಿಬಿಟ್ಟದ್ದೂ ಅದನ್ನೇ." ಇದು ಯಾವ ಚಲನಚಿತ್ರದ ಕಥೆ?

ತಮ್ಮ ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಇದ್ದರೆ, ತಾವು ಈ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಒಳಗಿನಿಂದ ಉತ್ತರ ಬಂದಿರುತ್ತದೆ. 'ಕಸ್ತೂರಿ ನಿವಾಸ', 1971. ದೊರೆ-ಭಗವಾನ್ ಜೋಡಿ ನಿರ್ದೇಶಿಸಿ ರಾಜ್‌ಕುಮಾರ್ ನಟಿಸಿದ ಚಿತ್ರ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನೊಬ್ಬ ಕೊಡುತ್ತ ಕೊಡುತ್ತ ಬರಿಗೈಯಾಗುತ್ತಾನೆ. ಕಡೆಗೊಂದು ದಿನ ಮನೆಗೆ ಬಂದವಳಿಗೆ ಒಂದು ಹೊತ್ತಿನ ಊಟ ಬಡಿಸುವುದಕ್ಕಾಗಿ ತನ್ನಲ್ಲಿ ಉಳಿದಿದ್ದ ಪಾರಿವಾಳವನ್ನೂ ಮಾರಿಬಿಡುತ್ತಾನೆ. ಊಟವಾದ ಮೇಲೆ ಆಕೆ ಬಂದ ಕಾರಣವನ್ನು ಹೇಳುತ್ತಾಳೆ: ಆ ಪಾರಿವಾಳ ಬೇಕಾಗಿತ್ತು. ಕಪ್ಪು-ಬಿಳುಪಿನ ಈ ಚಿತ್ರ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದಾಗ ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ಅತ್ತ ಅಜ್ಜಿಯರನ್ನು ನಾನು ಕಂಡಿದ್ದೇನೆ. ಅಂಥ ಚಿತ್ರವನ್ನು ಆರು ಪದಗಳಲ್ಲಿ ಹಿಡಿದವನು ನನ್ನ ಗೆಳೆಯ. ನಾವು ಒಂಬತ್ತು ಮಂದಿ ಪ್ರತಿ ರಾತ್ರಿ ಆಡುವ ಆಟವೇ ಇದು.

ಆಟದ ಹುಟ್ಟನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 1980ರ ದಶಕದ ಮೊದಲಲ್ಲಿ ಮಲೆನಾಡಿನ ಪಟ್ಟಣವೊಂದರ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ನಾವು. ಓದು ಮುಗಿದ ಮೇಲೆ ಚದುರಿಹೋಗಿ, ಮದುವೆಗಳಲ್ಲಿಯೂ ಸಾವುಗಳಲ್ಲಿಯೂ ಮಾತ್ರ ಮುಖ ಕಾಣುತ್ತಿದ್ದೆವು. 2020ರಲ್ಲಿ ಎಲ್ಲರೂ ಮನೆಯೊಳಗೆ ಬೀಗ ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ ಯಾರೋ ಒಬ್ಬರು ವಾಟ್ಸಾಪ್ ಗುಂಪು ಕಟ್ಟಿದರು. ಮೊದಲ ಹದಿನೈದು ದಿನ ಕಷಾಯದ ವಿಧಾನಗಳೂ ಸಾವಿನ ಲೆಕ್ಕಗಳೂ ಹರಿದುಬಂದವು. ಅದನ್ನು ತಾಳಲಾರದೆ, ಹಾಸನದಲ್ಲಿರುವ ಗೆಳೆಯ ಒಂದು ರಾತ್ರಿ ಪಾರಿವಾಳದ ಆ ಸಾಲನ್ನು ಬರೆದು, "ಯಾವ ಚಿತ್ರ?" ಎಂದು ಕೇಳಿದ. ಅಂದಿನಿಂದ ಆಟ ನಿಂತಿಲ್ಲ.

ನಿಯಮಗಳನ್ನು ಮಾಡಿದವನೂ ಅವನೇ. ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಾದ್ದರಿಂದ ನಿಯಮವಿಲ್ಲದೆ ಅವನಿಗೆ ಉಸಿರಾಡುವುದೇ ಕಷ್ಟ. ಸುಳಿವು ಹತ್ತು ಪದಗಳನ್ನು ಮೀರಕೂಡದು. ನಟನಟಿಯರ ಹೆಸರು, ಪಾತ್ರಗಳ ಹೆಸರು, ಹಾಡಿನ ಪದಗಳು ಬರಕೂಡದು. ಸುಳಿವು ಚಿತ್ರದ ಕಥೆಗೇ ಸಂಬಂಧಿಸಿರಬೇಕು. ಉತ್ತರವನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬೇಕು. ಗೂಗಲ್‌ನಲ್ಲಿ ಹುಡುಕಕೂಡದು, ಇದನ್ನು ಕಾಯಲು ಪೊಲೀಸರಿಲ್ಲ, ಅವರವರ ಮನಸ್ಸಾಕ್ಷಿಯೇ ಕಾವಲು. ಸಮಯ ರಾತ್ರಿ ಒಂಬತ್ತು. ಆಗ ಮಸ್ಕತ್‌ನಲ್ಲಿರುವ ಗೆಳತಿಗೆ ಸಂಜೆ ಏಳೂವರೆ. ಟೊರಾಂಟೋದಲ್ಲಿ ಮಗಳ ಮನೆಯಲ್ಲಿರುವವಳಿಗೆ ಬೇಸಿಗೆಯಾದರೆ ಬೆಳಗಿನ ಹನ್ನೊಂದೂವರೆ, ಚಳಿಗಾಲವಾದರೆ ಹತ್ತೂವರೆ. ಅಲ್ಲಿ ಗಡಿಯಾರದ ಮುಳ್ಳನ್ನು ಹಿಂದೆ ತಿರುಗಿಸುವ ದಿನ ಅವಳು ನಮಗೆ ತಿಳಿಸುವುದನ್ನು ಮರೆಯುವುದಿಲ್ಲ.

ಇದೇನು ಹೊಸ ಆಟವೇ? ನನಗೆ ಹಾಗೆ ಅನಿಸುವುದಿಲ್ಲ. ತಮ್ಮಲ್ಲಿ ಹಿರಿಯರಾದವರಿಗೆ ಸಿನಿಮಾ ಹಾಡಿನ ಪುಸ್ತಕಗಳು ನೆನಪಿರಬಹುದು. ಚಿತ್ರಮಂದಿರದ ಬಾಗಿಲಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೆಲವೇ ಪೈಸೆಗಳಿಗೆ ಸಿಗುತ್ತಿದ್ದ, ತೆಳು ಕಾಗದದ ನಾಲ್ಕೆಂಟು ಪುಟಗಳು. ಮೊದಲ ಪುಟಗಳಲ್ಲಿ 'ಕಥಾಸಾರ' ಎಂಬ ತಲೆಬರಹದಡಿ ಚಿತ್ರದ ಕಥೆಯಿರುತ್ತಿತ್ತು. ನಾಯಕ ಸೆರೆಮನೆ ಸೇರಿದ್ದಾನೆ, ನಾಯಕಿ ಬೀದಿಗೆ ಬಿದ್ದಿದ್ದಾಳೆ, ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂಬಲ್ಲಿಗೆ ತಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ ಎಂದು ಕೈಬಿಡುತ್ತಿದ್ದರು. ತಾಯಿ ಹಾಸಿಗೆ ಹಿಡಿದದ್ದನ್ನು ನೋಡಿ ಆನಂದಿಸುವುದೆಂತು ಎಂದು ನಾವು ನಗುತ್ತಿದ್ದೆವು. ಆ ಕಥಾಸಾರ ಬರೆಯುತ್ತಿದ್ದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಒಂಬತ್ತು ಮಂದಿಯೂ ಅವರ ಶಿಷ್ಯರೇ.

ಒಳ್ಳೆಯ ಸುಳಿವು ಬರೆಯುವುದು ಎಣಿಸಿದಷ್ಟು ಸುಲಭವಲ್ಲ. 1972ರ 'ಬಂಗಾರದ ಮನುಷ್ಯ'ವನ್ನೇ ತೆಗೆದುಕೊಳ್ಳಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರಿದ್ದಾರೆಂದು ಹೇಳುವುದುಂಟು. ಬಂಜರು ನೆಲ, ಬಂಡೆ, ಬೇಸಾಯ ಎಂದು ಬರೆದರೆ ಶಾಲೆಯ ಮಕ್ಕಳೂ ಉತ್ತರ ಹೇಳುತ್ತಾರೆ. ನಮ್ಮಲ್ಲೊಬ್ಬ ಹೀಗೆ ಬರೆದ: "ಮನೆಯನ್ನು ಎತ್ತಿ ನಿಲ್ಲಿಸಿದವನು ಅದೇ ಮನೆ ಬಿಟ್ಟು ನಡೆದ." ಇದರಲ್ಲಿ ಬೇಸಾಯವಿಲ್ಲ, ಹಾಡಿಲ್ಲ, ಬಂಡೆಯಿಲ್ಲ, ಆದರೂ ಚಿತ್ರದ ಬೆನ್ನೆಲುಬು ಇದೆ. ಏನನ್ನು ಹೇಳಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಇಲ್ಲಿ ಕಷ್ಟ. ಮತ್ತೆ ಕೆಲವು ಚಿತ್ರಗಳಿಗೆ ಸುಳಿವು ಬರೆಯುವುದೇ ಅಸಾಧ್ಯ. "ಬಾಲ್ಯದಲ್ಲಿ ಅಗಲಿದ ಅಣ್ಣತಮ್ಮಂದಿರು ಕೊನೆಯಲ್ಲಿ ಒಂದಾದರು" ಎಂದು ಒಮ್ಮೆ ಒಬ್ಬಳು ಬರೆದಳು. ಅವಳ ಮನಸ್ಸಿನಲ್ಲಿದ್ದದ್ದು 1973ರ 'ಗಂಧದ ಗುಡಿ'. ಬಂದ ಉತ್ತರಗಳು ಹನ್ನೊಂದು, ಎಲ್ಲವೂ ಸರಿ. ಇತ್ತ "ಮದುವೆಮನೆಗೆ ಬಂದ, ಮೊಲ ಸಿಕ್ಕಿತು, ಹುಡುಗಿ ಸಿಗಲಿಲ್ಲ" ಎಂಬುದಕ್ಕೆ ನನ್ನ ಹಿಂದೆ ನಿಂತಿದ್ದ ಮಗಳು ನಾನು ಓದಿ ಮುಗಿಸುವ ಮೊದಲೇ 'ಮುಂಗಾರು ಮಳೆ' ಎಂದು ಕೂಗಿದಳು. 2006ರಲ್ಲಿ ಹರೆಯದಲ್ಲಿದ್ದವರಿಗೆ ಅದನ್ನು ಕೇಳುವುದೇ ತಪ್ಪು.

ಒಂದು ಸುಳಿವಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. "ಸತ್ತವನನ್ನು ಹೊರಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ." ಕೇಳಿದವನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದ ಗೆಳೆಯ. ಅವನ ಉತ್ತರ 'ಸಂಸ್ಕಾರ', 1970, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ, ಯು.ಆರ್. ಅನಂತಮೂರ್ತಿಯವರ ಕಾದಂಬರಿ. ಆದರೆ ಟೊರಾಂಟೋದಿಂದ ಬಂದ ಉತ್ತರ 'ಭೂತಯ್ಯನ ಮಗ ಅಯ್ಯು', 1974, ಗೊರೂರರ ಕಥೆ. ಹಾಸನದ ತೀರ್ಪುಗಾರ ಎರಡನ್ನೂ ಒಪ್ಪಲೇಬೇಕಾಯಿತು. ಆ ರಾತ್ರಿ ಸುಮಾರು ಹನ್ನೆರಡರವರೆಗೆ ಮಾತು ನಡೆಯಿತು. ಮೊದಲನೆಯ ಊರಿನಲ್ಲಿ ಹೆಣ ಹೊರಲು ಹಿಂಜರಿದದ್ದು ಮಡಿ ಕೆಟ್ಟೀತೆಂಬ ಭಯದಿಂದ. ಎರಡನೆಯ ಊರಿನಲ್ಲಿ, ಬದುಕಿದ್ದಾಗ ಸಾಲ ಕೊಟ್ಟು ಎಲ್ಲರ ನೆಲ ನುಂಗಿದವನ ಮೇಲಿನ ದ್ವೇಷದಿಂದ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಂಗಳ, ಒಂದೇ ಮೌನ. ಆಮೇಲೆ ಇನ್ನೊಬ್ಬ 2015ರ 'ತಿಥಿ'ಯನ್ನು ನೆನಪಿಸಿದ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಾಗ ಊರಿಗೆ ಊರೇ ಸೇರುತ್ತದೆ. ದುಃಖಪಡುವವರು ಮಾತ್ರ ಕಾಣಿಸುವುದಿಲ್ಲ. ಅದಕ್ಕೆ ಅವನು ಬರೆದ ಸಾಲು ಈಗಲೂ ನನಗೆ ಅಚ್ಚುಮೆಚ್ಚು: "ಅಜ್ಜ ಸತ್ತ, ಮಗನಿಗೆ ಚಿಂತೆಯಿಲ್ಲ, ಮೊಮ್ಮಗನಿಗೆ ಆಸ್ತಿಯ ಚಿಂತೆ, ಮರಿಮಗನಿಗೆ ಹುಡುಗಿಯ ಚಿಂತೆ." ಸರಿಯಾಗಿ ಹತ್ತು ಪದ. ಎಣಿಸಿ ನೋಡಿ.

ಅದೇ ಚಿತ್ರವನ್ನು ಬೇರೆ ಬೇರೆಯವರು ಬರೆದಾಗ ಸುಳಿವು ಬರೆದವರ ಮನೆಯೂ ಅದರಲ್ಲಿ ಕಾಣುತ್ತದೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನಮ್ಮಲ್ಲಿ ಮೂರು ಸಲ ಬಂದಿದೆ. ಮೇಷ್ಟರಾಗಿದ್ದವನು ಬರೆದದ್ದು: "ಶಿಷ್ಯನಿಗೆ ಒಳ್ಳೆಯದನ್ನೇ ಬಯಸಿದ ಗುರು ಅವನ ಬದುಕನ್ನೇ ಮುರಿದ." ಸಿಡುಕು ಸ್ವಭಾವದ ಮಗನನ್ನು ಸಾಕಿದ ಗೆಳತಿ ಬರೆದದ್ದು: "ಕೋಪವೊಂದನ್ನು ಬಿಟ್ಟು ಅವನಲ್ಲಿ ಎಲ್ಲವೂ ಒಳ್ಳೆಯದೇ ಇತ್ತು." ನನ್ನದು: "ಒಬ್ಬಳಿಗೆ ಜಾತಿ ಅಡ್ಡ ಬಂತು, ಇನ್ನೊಬ್ಬಳಿಗೆ ಧರ್ಮ." ನನ್ನ ತಾಯಿಗೆ ಆ ಚಿತ್ರವೆಂದರೆ ರಾಮಾಚಾರಿಯ ಕಥೆಯಲ್ಲ, ಮಾರ್ಗರೆಟ್ಟಳ ಕಥೆ. ಎಲ್ಲರೂ ಚಾಮಯ್ಯ ಮೇಷ್ಟರಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಅವರು, "ಆ ಹುಡುಗಿಯೂ ಯಾರದೋ ಮನೆಯ ಮಗಳಲ್ಲವೇ" ಎನ್ನುತ್ತಿದ್ದರು. ನಮ್ಮ ಕುಟುಂಬಗಳ ಹೆಣ್ಣುಮಕ್ಕಳು ಕನ್ನಡ ತೆರೆಯ ಮೇಲೆ ಬಹಳ ವರ್ಷ ಗಿಡ್ಡ ಲಂಗ ತೊಟ್ಟು, ಅರೆಬರೆ ಕನ್ನಡ ಆಡುವವರಾಗಿಯೇ ಕಾಣಿಸಿಕೊಂಡರೆಂಬುದು ಅವರ ದೂರು, ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೂ ಚಿತ್ರದುರ್ಗದ ಬೆಟ್ಟ ಹತ್ತಿದ ಮಾರ್ಗರೆಟ್ಟಳನ್ನು ಅವರು ಬಿಟ್ಟುಕೊಡಲಿಲ್ಲ. ಅಂದಹಾಗೆ, ಆ ಚಿತ್ರಕ್ಕೆ ಆಧಾರ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳು. ಚಿತ್ರವನ್ನು ನೋಡಿದ ಅವರು, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆಂದು ನೊಂದುಕೊಂಡರೆಂಬ ಮಾತು ಇಂದಿಗೂ ಪ್ರಚಲಿತ. ಮೂರು ಕಾದಂಬರಿ ಮೂರು ಗಂಟೆಯಾದುದಕ್ಕೇ ಅಷ್ಟು ನೋವಾಗಿದ್ದರೆ, ನಮ್ಮ ಏಳು ಪದಗಳನ್ನು ಕಂಡು ಅವರೇನೆನ್ನುತ್ತಿದ್ದರೋ.

ಇನ್ನೊಂದು ಸಲ "ಜೋಡಿ ಎತ್ತು ಇದೆ, ತೋಳಿನಲ್ಲಿ ಬಲವಿದೆ, ಉಳಲು ಅವನಿಗೆ ನೆಲವಿಲ್ಲ" ಎಂಬ ಸಾಲು ಬಂತು. 'ಚೋಮನ ದುಡಿ', 1975, ಬಿ.ವಿ. ಕಾರಂತರ ನಿರ್ದೇಶನ, ಶಿವರಾಮ ಕಾರಂತರ ಕಾದಂಬರಿ ಅದಕ್ಕೂ ನಾಲ್ಕು ದಶಕ ಹಿಂದಿನದು. ಧರ್ಮ ಬದಲಿಸಿದರೆ ನೆಲ ಸಿಕ್ಕೀತೆಂಬ ಆಸೆಯ ಮುಂದೆ ಬಂದು ನಿಂತ ಚೋಮ ಹಿಂದಿರುಗುವ ಭಾಗ ಅದರಲ್ಲಿದೆ. ನಮ್ಮ ಓದುಗರಲ್ಲಿ ಅನೇಕರು ಆ ಭಾಗವನ್ನು ಮುಜುಗರದಿಂದ ದಾಟಿಹೋಗುತ್ತಾರೆಂದು ಬಲ್ಲೆ. ದಾಟಬೇಕಾಗಿಲ್ಲವೆಂದು ನನ್ನ ಅನಿಸಿಕೆ. ಚೋಮನಿಗೆ ಬೇಕಾಗಿದ್ದದ್ದು ಉಳುವ ನೆಲ. ಅವನ ಧಣಿಯಾಗಲಿ ಬೇರೆಯವರಾಗಲಿ ಅದನ್ನು ಬರಿದೇ ಕೊಡಲು ಸಿದ್ಧರಿರಲಿಲ್ಲ. ಅದು ಹತ್ತು ಪದಗಳಲ್ಲಿ ಹಿಡಿಯದ ಮಾತು. ಆ ರಾತ್ರಿ ಗುಂಪಿನಲ್ಲಿಯೂ ಅದು ಇತ್ಯರ್ಥವಾಗಲಿಲ್ಲ.

ಒಮ್ಮೆ ಸಿಕ್ಕಿಬಿದ್ದವನು ತೀರ್ಪುಗಾರನೇ. "ಹೆಂಡತಿಯ ಕಾಲು ಕೊಳೆಯುತ್ತಿದೆ, ಕಡತ ಮಾತ್ರ ಮೇಜು ಬಿಟ್ಟು ಕದಲುತ್ತಿಲ್ಲ." ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದ, ಸ್ವರ್ಣಕಮಲ ಪಡೆದ 'ತಬರನ ಕಥೆ'. ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವ ಬಡ ನೌಕರನನ್ನು ಚಾರುಹಾಸನ್ ಆಡಿ ತೋರಿಸಿದ್ದು ಯಾರಿಗೆ ಮರೆತೀತು! ಎಲ್ಲರೂ ಉತ್ತರಿಸಿದರು, ಹಾಸನದಿಂದ ಮಾತ್ರ ಸದ್ದಿಲ್ಲ. ಹತ್ತೂಕಾಲಿಗೆ ಅವನು ಬರೆದ: "ಉತ್ತರ ಒಂಬತ್ತೂ ಒಂದು ನಿಮಿಷಕ್ಕೇ ಗೊತ್ತಿತ್ತು. ಕಡತ ಮೇಲಧಿಕಾರಿಗಳ ಪರಿಶೀಲನೆಯಲ್ಲಿತ್ತು." ಮೇಲಧಿಕಾರಿ ಎಂದರೆ ಅವನ ಹೆಂಡತಿ.

ಇಷ್ಟನ್ನೆಲ್ಲ ಹೇಳಿದ್ದು ಆಟದ ಸೊಗಸಿಗಾಗಿ. ಆದರೆ ನಾನು ಲೇಖನಿ ಹಿಡಿದದ್ದು 2023ರ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕೆಂದು.

ಆ ರಾತ್ರಿಯ ಸರದಿ ಮಸ್ಕತ್‌ನ ಗೆಳತಿಯದು. ಅವಳು ಬರೆದಳು: "ಇಬ್ಬರು ಮಕ್ಕಳು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು: ಒಬ್ಬನಿಗೆ ಅಪ್ಪ, ಇನ್ನೊಬ್ಬನಿಗೆ ಅಮ್ಮ."

ನಾವು ಮೆಚ್ಚಿದೆವು. ಉತ್ತರಗಳೂ ಎರಡು ಬಂದವು. ಹಳಬರ ಪ್ರಕಾರ 1958ರ 'ಸ್ಕೂಲ್ ಮಾಸ್ಟರ್': ಬಿ.ಆರ್. ಪಂತುಲು ತಾವೇ ನಿರ್ದೇಶಿಸಿ ಮೇಷ್ಟರಾಗಿ ನಟಿಸಿದ, ಎಂ.ವಿ. ರಾಜಮ್ಮ ಮೇಷ್ಟರ ಹೆಂಡತಿಯಾದ ಚಿತ್ರ. ಮಕ್ಕಳ ಮನೆಗಳಲ್ಲಿ ಬೇರೆ ಬೇರೆಯಾಗಿ ಬದುಕಬೇಕಾಗಿ ಬಂದ ವೃದ್ಧ ದಂಪತಿಗಳಿಗೆ ಒಬ್ಬ ಹಳೆಯ ವಿದ್ಯಾರ್ಥಿ ಆಸರೆಯಾಗುತ್ತಾನೆ. ಆ ವಿದ್ಯಾರ್ಥಿಯಾಗಿ ಬಂದವರು ಶಿವಾಜಿ ಗಣೇಶನ್. ಮುಂದೆ ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅದೇ ಮೇಷ್ಟರಾದರು; 1972ರ 'ಬಡಿ ಪಂತುಲು'. ಇನ್ನು ಕೆಲವರ ಉತ್ತರ 2007ರ 'ಈ ಬಂಧನ', ವಿಷ್ಣುವರ್ಧನ್ ಮತ್ತು ಜಯಪ್ರದಾ ನಟಿಸಿದ್ದು. ಅದರ ಮೂಲ 2003ರ ಹಿಂದಿ 'ಬಾಗ್‌ಬಾನ್'. ಅರ್ಧ ಶತಮಾನದ ಅಂತರದಲ್ಲಿ ಅದೇ ಕಥೆ ಮತ್ತೆ ಮತ್ತೆ ಏಕೆ ಬರುತ್ತದೆ ಎಂದು ಒಬ್ಬ ಕೇಳಿದ. "ಇಂಥ ಮಕ್ಕಳು ಈಗಲೂ ಇದ್ದಾರಲ್ಲ, ಅದಕ್ಕೇ" ಎಂದು ಇನ್ನೊಬ್ಬಳು. "ಅಂಥವರಿಗೆ ಚಾಟಿಯೇಟು ಕೊಡಬೇಕು" ಎಂದು ಮತ್ತೊಬ್ಬ. ನಗುವ ಮುಖಗಳು, ಚಪ್ಪಾಳೆ ತಟ್ಟುವ ಕೈಗಳು ಸಾಲುಗಟ್ಟಿದವು. ಆ ಗದ್ದಲದ ನಡುವೆ ಬೂದುಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂಡಿತು. ಬೆಂಗಳೂರಿನಲ್ಲಿರುವ ನಮ್ಮ ಗೆಳೆಯನೊಬ್ಬ ಗುಂಪನ್ನು ತೊರೆದಿದ್ದ. ಮೊದಲು ಉತ್ತರಿಸುವವರಲ್ಲಿ ಯಾವಾಗಲೂ ಒಬ್ಬನಾಗಿದ್ದವನು, ಆ ರಾತ್ರಿ ಒಂದಕ್ಷರವನ್ನೂ ಬರೆದಿರಲಿಲ್ಲ.

ಕೈ ತಾಗಿ ಹಾಗಾಗಿರಬೇಕೆಂದು ಹಾಸನದವನು ಅವನನ್ನು ಮತ್ತೆ ಸೇರಿಸಿದ. ಅವನು ಮತ್ತೆ ಹೊರನಡೆದ. ಕರೆ ಮಾಡಿದರೆ ಎತ್ತಲಿಲ್ಲ. ಹನ್ನೊಂದನೆಯ ದಿನ ಅವನೇ ನನಗೆ ಕರೆ ಮಾಡಿದ.

ಅವನ ತಂದೆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಈಗ ಎಂಬತ್ತೈದು ದಾಟಿದೆ. ಶಿವಮೊಗ್ಗ ಸೀಮೆಯ ಹಳ್ಳಿಯಲ್ಲಿ ದೊಡ್ಡ ಮಗನ ಜೊತೆಗಿದ್ದಾರೆ. ತಾಯಿ ಬೆಂಗಳೂರಿನಲ್ಲಿ ಇವನ ಬಳಿ. ಹೀಗಾಗಿ ಎರಡು ವರ್ಷ ಕಳೆದಿತ್ತು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನು ಹೇಳಿರಲಿಲ್ಲ.

"ಹತ್ತು ಪದದಲ್ಲಿ ಮುಗಿಸಿಬಿಟ್ಟಿರಿ," ಎಂದ. "ನನ್ನ ಮನೆಗೆ ಮೆಟ್ಟಿಲು ಎಷ್ಟಿವೆ ಗೊತ್ತೇ ನಿನಗೆ? ಐವತ್ತನಾಲ್ಕು. ಲಿಫ್ಟ್ ಇಲ್ಲ. ಅಪ್ಪನ ಮೊಣಕಾಲು ನೆಲ ಊರುವುದಿಲ್ಲ. ಒಂದು ಸಲ ಬಂದರು. ಇಳಿಸುವಾಗ ನಾನೂ ಅಣ್ಣನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಕೆಳಗೆ ಬಂದ ಮೇಲೆ ಅಪ್ಪ, 'ಇನ್ನು ಹೀಗೆ ಹೊರುವುದು ಒಂದೇ ಸಲ ಸಾಕು' ಎಂದರು. ಆಮೇಲೆ ಕರೆಯುವುದು ಹೇಗೆ?"

ತಾಯಿಗೆ ರಕ್ತದ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ದು ರಕ್ತ ಕೊಡಿಸಬೇಕು. ಹಳ್ಳಿಯಿಂದ ಅದು ಆಗದ ಮಾತು. ಮಳೆಗಾಲದಲ್ಲಿ ಬಸ್ಸೇ ಬಾರದ ದಿನಗಳಿರುತ್ತವೆ. ಕೆಳಮನೆಯೊಂದನ್ನು ಬಾಡಿಗೆಗೆ ಹಿಡಿಯೋಣವೆಂದರೆ ಮುಂಗಡಕ್ಕೆಂದು ಕೂಡಿಟ್ಟದ್ದೆಲ್ಲ ಔಷಧಕ್ಕೆ ಹೋಗಿದೆ. ಅತ್ತೆಯನ್ನು ಸ್ನಾನ ಮಾಡಿಸುವವಳು ಅವನ ಹೆಂಡತಿ. ಇಂಥ ಚಿತ್ರಗಳಲ್ಲಿ ಸೊಸೆಯೆಂದರೆ ಯಾವಾಗಲೂ ಮುಖ ತಿರುಗಿಸುವವಳೇ ಅಲ್ಲವೇ? ಮನೆಯ ಮೆಟ್ಟಿಲುಗಳನ್ನು ಎಣಿಸಿ ತೋರಿಸಿದ ಚಿತ್ರವನ್ನು ಮಾತ್ರ ನಾನು ಇದುವರೆಗೆ ಕಂ­ಡಿಲ್ಲ.

"ಅದು ನನ್ನನ್ನು ಕುರಿತೇ ಬರೆದದ್ದಲ್ಲವೇ? ಯಾರಾದರೂ ಹೇಳಿರಬೇಕು ಅವಳಿಗೆ," ಎಂದು ಕೇಳಿದ. ನನಗೆ ತಿಳಿಯದೆಂದೆ. ಮಸ್ಕತ್‌ಗೆ ಕರೆ ಮಾಡಿದೆ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದಳು. ಅವಳ ತಾಯಿ ಕುಂದಾಪುರದಲ್ಲಿ ಒಬ್ಬರೇ ಇದ್ದಾರೆ. ಅಣ್ಣ ಮುಂಬಯಿಯಲ್ಲಿ, ಇವಳು ಮಸ್ಕತ್‌ನಲ್ಲಿ. ತಂದೆ ಬದುಕಿದ್ದಾಗ ಕೊನೆಯ ಎಂಟು ತಿಂಗಳು ಮುಂಬಯಿಯಲ್ಲಿ ಮಗನ ಮನೆಯಲ್ಲಿದ್ದರು, ತಾಯಿ ಇವಳ ಮಗುವನ್ನು ನೋಡಿಕೊಳ್ಳಲು ಮಸ್ಕತ್‌ಗೆ ಬಂದಿದ್ದರು. ತಂದೆ ತೀರಿಕೊಂಡಾಗ ತಾಯಿ ವಿಮಾನದಲ್ಲಿದ್ದರು. ಆ ವಾರ ಟಿ.ವಿ.ಯಲ್ಲಿ 'ಸ್ಕೂಲ್ ಮಾಸ್ಟರ್' ನೋಡಿದ ತಾಯಿ ಫೋನಿನಲ್ಲಿ ಕಥೆಯನ್ನೆಲ್ಲ ಹೇಳಿ, ಕೊನೆಗೆ, "ಅವರಿಗಾದರೂ ಒಬ್ಬ ಶಿಷ್ಯ ಸಿಕ್ಕಿದ" ಎಂದರಂತೆ. ಇವಳಿಗೆ ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಆ ಸಾಲು ಬರೆದಳು. ತನ್ನನ್ನೇ ಕುರಿತು ಬರೆದ ಸಾಲು ಅದು. ಹೊಡೆತ ತಗುಲಿದ್ದು ಬೆಂಗಳೂರಿನ ಮೂರನೆಯ ಮಹಡಿಗೆ.

ಇದನ್ನು ಅವನಿಗೆ ತಿಳಿಸಬಹುದೇ ಎಂದು ಅವಳನ್ನೇ ಕೇಳಿದೆ. "ನಾನೇ ಹೇಳುತ್ತೇನೆ" ಎಂದಳು. ಅವರಿಬ್ಬರೂ ಏನು ಮಾತನಾಡಿಕೊಂಡರೋ ನಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಎರಡು ದಿನಗಳ ಮೇಲೆ ಅವನು ಗುಂಪಿಗೆ ಹಿಂದಿರುಗಿ ಬಂದ. ಚಾಟಿಯೇಟಿನ ಮಾತನಾಡಿದ್ದವನು ಏನನ್ನೋ ಬರೆದು ಅಳಿಸಿದ. "ಈ ಸಂದೇಶವನ್ನು ಅಳಿಸಲಾಗಿದೆ" ಎಂಬ ಗುರುತು ಮಾತ್ರ ಉಳಿಯಿತು. ಆ ರಾತ್ರಿ ಯಾರೂ ಸುಳಿವು ಕೊಡಲಿಲ್ಲ. ಒಂಬತ್ತೂವರೆಗೆ ಅವನೇ ಬರೆದ: "ಆಟ ನಿಲ್ಲಿಸಬೇಡಿ. ಒಂದು ಕೋರಿಕೆ. ಅಮ್ಮನನ್ನೂ ಅಪ್ಪನನ್ನೂ ಸೇರಿಸಿಕೊಳ್ಳಬಹುದೇ?"

ನಿಯಮದಲ್ಲಿ ಅವಕಾಶವಿರಲಿಲ್ಲ. ಹಾಸನದವನು ಎರಡು ನಿಮಿಷದಲ್ಲಿ ತಿದ್ದುಪಡಿ ತಂದ. ಅವನ ಸೇವಾವಧಿಯಲ್ಲೇ ಇಷ್ಟು ಬೇಗ ವಿಲೇವಾರಿಯಾದ ಅರ್ಜಿ ಇದೊಂದೇ ಎಂದು ಅವನ ಹೆಂಡತಿ ಆಮೇಲೆ ಹೇಳಿದರು.

ಏರ್ಪಾಡು ಹೀಗೆ. ಒಂಬತ್ತಕ್ಕೆ ಇವನು ಸುಳಿವನ್ನು ತಾಯಿಗೆ ಓದಿ ಹೇಳುತ್ತಾನೆ. ಅಣ್ಣನ ಮಗಳು ಹಳ್ಳಿಯಲ್ಲಿ ಅಜ್ಜನಿಗೆ ಓದುತ್ತಾಳೆ. ಆಮೇಲೆ ಇಬ್ಬರ ಮುಂದೆಯೂ ಫೋನು ತೆರೆದಿಡುತ್ತಾರೆ. ಅದುವರೆಗೆ ಆ ದಂಪತಿಗಳ ಮಾತುಕತೆ ಒಂದು ನಿಮಿಷವನ್ನು ಮೀರುತ್ತಿರಲಿಲ್ಲವಂತೆ. "ಊಟವಾಯಿತೇ?" "ಆಯಿತು." "ಮಾತ್ರೆ?" "ನುಂಗಿದೆ." "ಮಳೆ?" "ಇದೆ." "ಸರಿ, ಇಡುತ್ತೇನೆ." ಆ ತಲೆಮಾರಿನವರಿಗೆ ಫೋನೆಂದರೆ ತಂತಿ ಕಳುಹಿಸಿದಂತೆ, ಪದಕ್ಕಿಷ್ಟು ಎಂದು ಯಾರೋ ಹಣ ಎಣಿಸುತ್ತಿದ್ದಾರೆಂಬ ಭಾವ. ಈಗ ಅರ್ಧ ಗಂಟೆ ಸಾಲದು. ಮೇಷ್ಟರಿಗೆ ಪೌರಾಣಿಕ ಚಿತ್ರಗಳೆಲ್ಲ ಕಂಠಪಾಠ. ಅವರ ಹೆಂಡತಿಗೆ ಚಿತ್ರದ ಹೆಸರು ಮರೆತಿರುತ್ತದೆ. ಅದನ್ನು ನೋಡಲು ಹೋದಾಗ ಎತ್ತಿಕೊಂಡಿದ್ದ ಮಗು ಯಾವುದು, ಉಟ್ಟಿದ್ದ ಸೀರೆ ಯಾವುದು, ಹಿಂದಿರುಗುವಾಗ ಗಾಡಿ ಎಲ್ಲಿ ಹೂತುಕೊಂಡಿತು ಎಂಬುದೆಲ್ಲ ನೆನಪಿರುತ್ತದೆ. ಇಬ್ಬರ ನೆನಪುಗಳನ್ನು ಕೂಡಿಸಿದರೆ ಒಂದು ಉತ್ತರವಾಗುತ್ತದೆ. ಎಷ್ಟೋ ಸಲ ನಮಗಿಂತ ಮೊದಲೇ ಆಗುತ್ತದೆ.

ಮೊದಲ ಸುಳಿವನ್ನು ತಾಯಿಯೇ ಹೇಳಿ ಬರೆಸಿದರು: "ಗಂಡನ ಮಾತು ಉಳಿಸಲು ಹೆಂಡತಿಯೂ ಮಗನೂ ಮಾರಾಟವಾದರು." 1965ರ 'ಸತ್ಯ ಹರಿಶ್ಚಂದ್ರ' ಎಂದು ಯಾರಿಗೂ ಕಷ್ಟವಿಲ್ಲದೆ ಹೊಳೆಯಿತು. ಹಳ್ಳಿಯಿಂದ ಉತ್ತರದ ಜೊತೆಗೆ ಮೇಷ್ಟರ ಟಿಪ್ಪಣಿಯೂ ಬಂತು: "ಉತ್ತರ ಗೊತ್ತು. ಮಾತಿನಲ್ಲಿ ನನ್ನ ಕಡೆಗೆ ಚುಚ್ಚುವುದಿದೆ, ಅದೂ ಗೊತ್ತು."

ಮನೆಗಳು ಮಾತ್ರ ಇಂದಿಗೂ ಎರಡೇ. ಮೆಟ್ಟಿಲುಗಳು ಐವತ್ತನಾಲ್ಕೇ. ನೆಲಮಾಳಿಗೆಯ ಮನೆಯೊಂದು ಖಾಲಿಯಾಗುವ ಸುದ್ದಿಯಿದೆಯೆಂದು ಮೊನ್ನೆ ಅವನು ಹೇಳಿದ; ಮುಂಗಡ ಎಷ್ಟೆಂದು ನಾನು ಕೇಳಲಿಲ್ಲ. ಮಸ್ಕತ್‌ನವಳು ಈ ಡಿಸೆಂಬರಿನಲ್ಲಿ ಮೂರು ತಿಂಗಳ ಮಟ್ಟಿಗೆ ಕುಂದಾಪುರಕ್ಕೆ ಬರುತ್ತಾಳಂತೆ.

ಕಳೆದ ತಿಂಗಳು ಮೇಷ್ಟರು ಸುಳಿವು ಕೊಡುವ ಸರದಿ. ಮೊಮ್ಮಗಳು ಬರೆದು ಕಳುಹಿಸಿದಳು: "ಮಳೆಗೆ ಟೆಂಟು ಸೋರಿತು, ನೀನು ಕೊಡೆ ಬಿಚ್ಚಿದೆ, ಹಿಂದಿನವರು ಬೈದರು."

ನಾವೆಲ್ಲ ತಲೆ ಕೆರೆದುಕೊಂಡೆವು. ಇದು ಯಾವ ಚಿತ್ರದ ಕಥೆಯೂ ಅಲ್ಲ. ಬೆಂಗಳೂರಿನ ಮನೆಯಲ್ಲಿ ಮಾತ್ರ ತಾಯಿ ಸುಳಿವನ್ನು ಕೇಳಿದವರೇ ಸೆರಗನ್ನು ಬಾಯಿಗೊತ್ತಿಕೊಂಡು ನಗತೊಡಗಿದರಂತೆ; ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತಂತೆ. ಉತ್ತರ ಗೊತ್ತೇ ಎಂದು ಮಗ ಕೇಳಿದರೆ, "ಗೊತ್ತು. ಹೇಳುವುದಿಲ್ಲ. ಕೇಳಿದ್ದು ನನ್ನನ್ನು" ಎಂದರಂತೆ.

ಅವರ ಮದುವೆಯಾದದ್ದು 1964ರಲ್ಲಿ ಎಂಬುದೊಂದೇ ನಮಗಿರುವ ಆಧಾರ. ಮಳೆಗಾಲ ಹಿಡಿಯುವ ಮೊದಲೇ ಟೂರಿಂಗ್ ಟಾಕೀಸುಗಳು ಗೂಟ ಕಿತ್ತುಕೊಂಡು ಹೋಗುತ್ತಿದ್ದವಾದ್ದರಿಂದ ಅದು ಬೇಸಿಗೆಯ ಅಕಾಲಮಳೆಯಿರಬೇಕೆಂದು ಒಬ್ಬ ತರ್ಕಿಸಿದ. ಹೊಸ ಚಿತ್ರಗಳು ಹಳ್ಳಿಯ ಟೆಂಟಿಗೆ ಬರಲು ಒಂದೆರಡು ವರ್ಷ ಹಿಡಿಯುತ್ತಿತ್ತೆಂದು ಇನ್ನೊಬ್ಬ. ಅದರಂತೆ 'ಸ್ವರ್ಣಗೌರಿ' ಎಂದೆವು, 'ರತ್ನಮಂಜರಿ' ಎಂದೆವು, 'ವೀರ ಕೇಸರಿ', 'ಸಂತ ತುಕಾರಾಂ', 'ನಾಂದಿ', 'ಚಂದವಳ್ಳಿಯ ತೋಟ' ಎಂದೆವು. ಟೊರಾಂಟೋದವಳು 'ಅಮರಶಿಲ್ಪಿ ಜಕಣಾಚಾರಿ' ಎಂದು ಪಣ ಕಟ್ಟಿದ್ದಾಳೆ. ಬಣ್ಣದ ಚಿತ್ರ, ಯಾರೂ ಮಳೆಗೆ ಎದ್ದುಹೋಗಿರಲಾರರೆಂಬುದು ಅವಳ ವಾದ. ತಾಯಿ ಒಂದಕ್ಕೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹಳ್ಳಿಯ ಕಡೆಯಿಂದಲೂ ತುಟಿ ಬಿಗಿದಿದೆ. ಸುಳಿವು ಚಿತ್ರದ ಕಥೆಗೆ ಸಂಬಂಧಿಸಿಲ್ಲವಾದ್ದರಿಂದ ಇದು ನಿಯಮಬಾಹಿರವೆಂದು ಹಾಸನದ ಗೆಳೆಯ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದಾನೆ. ಮೇಷ್ಟರು ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ ಹಿಂದಕ್ಕೆ ಕಳುಹಿಸಿದ್ದಾರೆ.